ಎರಡೇ ದಿನದಲ್ಲಿ ಮಾಯವಾದ ಮಗುವಿನ ದದ್ದು: ನಮಗಾದದ್ದು ನಿಮಗಾಗದಿರಲಿ

ಮನೆಯಲ್ಲಿ ಹಸುಗೂಸು ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ದೊಡ್ಡವರಿಗೆ ಬರೆದುಕೊಟ್ಟ ಚರ್ಮದ ಮುಲಾಮನ್ನು ಮಗುವಿಗೆ ಹಚ್ಚಬೇಡಿ. ಒಂದು ಸಲಕ್ಕೂ ಬೇಡ. ನಾನು ಐದು ವಾರ ಹಚ್ಚಿದೆ. ಅದನ್ನು ಅನುಭವಿಸಿದ್ದು ನನ್ನ ಮಗ.

ಅವನಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಎರಡೂ ಕೆನ್ನೆ ಒರಟಾಗತೊಡಗಿದವು. ಮುಟ್ಟಿದರೆ ಉಪ್ಪುಕಾಗದ ಸವರಿದ ಹಾಗಿತ್ತು. ಒಂದು ವಾರದಲ್ಲಿ ಕೆಂಪಾಗಿ ಸಣ್ಣಗೆ ಸಿಪ್ಪೆ ಏಳೋಕೆ ಶುರುವಾಯಿತು. ಅದರ ಜೊತೆಗೆ ಡೈಪರ್ ಹಾಕುವ ಜಾಗದಲ್ಲೂ ಕೆಂಪು ದದ್ದು. ಕೆರೆದುಕೊಳ್ಳಲು ಕೈ ಇನ್ನೂ ಬರದ ವಯಸ್ಸು. ಎತ್ತಿಕೊಂಡಾಗ ಕೆನ್ನೆಯನ್ನು ನನ್ನ ಭುಜಕ್ಕೆ ಉಜ್ಜುತ್ತಿದ್ದ. ರಾತ್ರಿ ಎರಡು ಗಂಟೆಗೆ, ಮೂರು ಗಂಟೆಗೆ ಎದ್ದು ಅಳುತ್ತಿದ್ದ. ನನಗೂ ನಿದ್ದೆ ಇಲ್ಲ, ಅವನಿಗೂ ಇಲ್ಲ.

ಮನೆಯಲ್ಲಿ ಒಂದು ಟ್ಯೂಬ್ ಇತ್ತು. ನಮ್ಮವರಿಗೆ ಹುಳುಕಡ್ಡಿ ಆಗಿದ್ದಾಗ ತಂದಿದ್ದು. ಅರ್ಧ ಖಾಲಿಯಾಗಿ ಹಿಂಬದಿ ಸುರುಳಿ ಸುತ್ತಿಟ್ಟಿತ್ತು. 'ಅವನಿಗೆ ಎಷ್ಟು ಬೇಗ ವಾಸಿಯಾಯ್ತು ನೋಡು, ಸ್ವಲ್ಪ ಹಚ್ಚಿ ನೋಡೋಣ' ಅಂದರು ಅತ್ತೆ. ಅವರದು ತಪ್ಪು ಅಂತ ನಾನು ಹೇಳಲ್ಲ. ಮೊಮ್ಮಗ ಅಳೋದನ್ನು ನೋಡಲಾಗದೆ ಹೇಳಿದ ಮಾತು ಅದು. ಟ್ಯೂಬ್ ಮೇಲಿನ ಅಕ್ಷರ ಓದಿ ನೋಡಿದವಳು ನಾನೇ. ಹಚ್ಚಿದವಳೂ ನಾನೇ.

ಅದರ ಮೇಲೆ ಮೂರು ಹೆಸರಿದ್ದವು. ಮೊದಲನೆಯದು ಕ್ಲೋಬೆಟಸಾಲ್ ಪ್ರೊಪಿಯೊನೇಟ್, 0.05%. ಆಮೇಲೆ ಮೈಕೊನಜೋಲ್ ಅನ್ನೋ ಫಂಗಸ್ ಮದ್ದು, ನಿಯೋಮೈಸಿನ್ ಅನ್ನೋ ಬ್ಯಾಕ್ಟೀರಿಯಾ ಮದ್ದು. 0.05 ನೋಡಿ ನಾನು ಅಂದುಕೊಂಡಿದ್ದು, 'ಇಷ್ಟೇ ಇಷ್ಟು ಇದೆ, ಇದರಿಂದ ಏನಾಗುತ್ತೆ?' ಅಂತ. ಇದೊಂದು ಯೋಚನೆಗೆ ನಾವು ತೆತ್ತ ಬೆಲೆ ದೊಡ್ಡದು. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ಕ್ಲೋಬೆಟಸಾಲ್ ಅನ್ನೋದು ಸ್ಟೀರಾಯ್ಡ್, ಅಂದರೆ ಚರ್ಮದ ಕೆಂಪು, ಊತ ಅಡಗಿಸುವ ಮದ್ದು. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತಿ ಪ್ರಬಲವಾದ ಗುಂಪಿಗೆ ಸೇರಿದ್ದು. ಅದೇ ಹೈಡ್ರೋಕಾರ್ಟಿಸೋನ್ 1% ಅಂತ ಬರುವುದು ಅತಿ ಸೌಮ್ಯವಾದ ಗುಂಪು. ಅಂದರೆ 1 ಅಂತ ಬರೆದದ್ದು ಸೌಮ್ಯ, 0.05 ಅಂತ ಬರೆದದ್ದು ಉಗ್ರ. ಶೇಕಡಾ ಎಷ್ಟು ಅನ್ನೋದನ್ನು ನೋಡಿ ಶಕ್ತಿ ಅಳೆಯೋಕೆ ಆಗಲ್ಲ. ಹೆಸರು ನೋಡಬೇಕು.

ಹಚ್ಚಿದ ಮಾರನೆ ದಿನಕ್ಕೇ ಕೆಂಪು ಇಳಿಯಿತು. ಎರಡನೇ ದಿನಕ್ಕೆ ಕೆನ್ನೆ ನುಣ್ಣಗೆ, ಬೆಣ್ಣೆ ಹಾಗೆ. ಡೈಪರ್ ಜಾಗವೂ ಸ್ವಚ್ಛ. ಮಗು ರಾತ್ರಿ ಒಂದೇ ಸಮ ನಾಲ್ಕು ಗಂಟೆ ಮಲಗಿತು. ನನಗಾದ ಸಮಾಧಾನ ಹೇಳತೀರದು. ಅಂಥ ಮದ್ದನ್ನು ಯಾರು ತಾನೇ ಅನುಮಾನಿಸುತ್ತಾರೆ? ಈಗ ಗೊತ್ತು, ಅಷ್ಟು ಬೇಗ ಮಾಯವಾದದ್ದೇ ನಾನು ಅನುಮಾನಪಡಬೇಕಾಗಿದ್ದ ವಿಷಯ. ಒಣ ಚರ್ಮ ಎರಡು ದಿನದಲ್ಲಿ ವಾಸಿಯಾಗಿರಲಿಲ್ಲ. ಉರಿಯೂತ ಅಡಗಿತ್ತು, ಅಷ್ಟೇ.

ನಿಲ್ಲಿಸಿದ ನಾಲ್ಕನೇ ದಿನಕ್ಕೆ ಮತ್ತೆ ಬಂತು. ಮತ್ತೆ ಹಚ್ಚಿದೆ, ಹೋಯಿತು. ಈ ಸಲ ಮೂರು ದಿನಕ್ಕೆ ವಾಪಸ್. ಆಮೇಲೆ ಎರಡು ದಿನಕ್ಕೆ. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಜಾಸ್ತಿ ಕೆಂಪು. ಕೊನೆಗೆ ದಿನಾ ಬೆಳಿಗ್ಗೆ, ಸಂಜೆ ಹಚ್ಚೋದು ಅಭ್ಯಾಸವೇ ಆಗಿಹೋಯಿತು. ಡೈಪರ್ ಹಾಕುವ ಮುಂಚೆ ಒಂದು ಸಲ ಸವರಿಬಿಡುತ್ತಿದ್ದೆ, ದದ್ದು ಬರದಿರಲಿ ಅಂತ.

ಐದನೇ ವಾರ ಒಂದು ಬೆಳಿಗ್ಗೆ ಕಿಟಕಿ ಹತ್ತಿರ ಅವನನ್ನು ಮಲಗಿಸಿ ಬಟ್ಟೆ ಬದಲಾಯಿಸುತ್ತಿದ್ದೆ. ಬಿಸಿಲು ಕೆನ್ನೆ ಮೇಲೆ ಬಿತ್ತು. ಚರ್ಮ ಹೊಳೆಯುತ್ತಿತ್ತು, ಎಣ್ಣೆ ಕಾಗದದ ಹಾಗೆ. ಅದರ ಕೆಳಗೆ ಕೂದಲೆಳೆಯಂಥ ಕೆಂಪು ನರಗಳು ಕಾಣುತ್ತಿದ್ದವು. ಬಾಯಿಯ ಸುತ್ತ ಸಣ್ಣ ಸಣ್ಣ ಗುಳ್ಳೆ. ಡೈಪರ್ ತೆಗೆದರೆ ತೊಡೆಸಂದಿನ ಮಡಿಕೆಗಳ ಒಳಗೆಲ್ಲ ಕಡು ಕೆಂಪು. ಅದರ ಅಂಚಿನಾಚೆ ಕೆಂಪು ಚುಕ್ಕಿಗಳು ಚೆಲ್ಲಿದ ಹಾಗೆ ಹರಡಿದ್ದವು. ನನ್ನ ಕೈ ನಡುಗಿತು. ಅವತ್ತೇ ಮಕ್ಕಳ ಡಾಕ್ಟರ್ ಹತ್ತಿರ ಓಡಿದೆವು.

ಅವರು ಮಗುವನ್ನು ನೋಡಿ ಕೇಳಿದ ಮೊದಲ ಪ್ರಶ್ನೆಯೇ, 'ಏನು ಹಚ್ಚುತ್ತಿದ್ದೀರಮ್ಮ?' ಪುಣ್ಯಕ್ಕೆ ಟ್ಯೂಬ್ ಜೊತೆಗೇ ಒಯ್ದಿದ್ದೆ. ಅದನ್ನು ತಿರುಗಿಸಿ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೈಯಲಿಲ್ಲ. ಕಾಗದ ತಗೊಂಡು ಚಿತ್ರ ಬರೆದು ವಿವರಿಸಿದರು.

ಮಗುವಿಗೆ ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ. ಹುಟ್ಟಿದ ಕೂಸಿನಲ್ಲಿ ಒಂದು ಕಿಲೋ ತೂಕಕ್ಕೆ ಇರುವ ಚರ್ಮದ ವಿಸ್ತಾರ ದೊಡ್ಡವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಮೇಲಿನ ಪದರವೂ ತೆಳು. ಹಾಗಾಗಿ ಹಚ್ಚಿದ್ದು ಮೈಯೊಳಗೆ ಇಳಿಯುವುದೂ ಜಾಸ್ತಿ. ಅದರ ಮೇಲೆ ಡೈಪರ್ ಬಿಗಿದರೆ ಗಾಳಿ ಆಡದೆ ಮುಲಾಮು ಇನ್ನಷ್ಟು ಒಳಗೆ ಹೋಗುತ್ತದೆ. ಜಾಗದಿಂದ ಜಾಗಕ್ಕೂ ವ್ಯತ್ಯಾಸ ಇದೆ. 1967ರಲ್ಲಿ ದೊಡ್ಡವರ ಮೇಲೆ ಮಾಡಿದ ಒಂದು ಅಧ್ಯಯನದ ಬಗ್ಗೆ ಆಮೇಲೆ ಓದಿದೆ. ಹೈಡ್ರೋಕಾರ್ಟಿಸೋನ್ ಮುಂಗೈಗೆ ಹಚ್ಚಿದಾಗ ಎಷ್ಟು ಒಳಗೆ ಹೋಯಿತೋ, ಹಣೆಯಲ್ಲಿ ಅದರ 6 ಪಟ್ಟು, ವೃಷಣದ ಚರ್ಮದಲ್ಲಿ 42 ಪಟ್ಟು ಹೋಗಿತ್ತು. ನಾನು ಹಚ್ಚಿದ್ದು ಎಲ್ಲಿಗೆ? ಮುಖಕ್ಕೆ, ಡೈಪರ್ ಒಳಗೆ. ಅದೂ ಅತಿ ಪ್ರಬಲವಾದದ್ದನ್ನು.

ಹೀಗೆ ಒಳಗೆ ಹೋದ ಸ್ಟೀರಾಯ್ಡ್ ರಕ್ತಕ್ಕೆ ಸೇರಿದರೆ, ನಮ್ಮ ಮೈ ತಾನೇ ತಯಾರಿಸುವ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಕಡಿಮೆಯಾಗುತ್ತದೆ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಕೆಲಸ ನಿಧಾನ ಮಾಡಿಬಿಡುತ್ತದೆ. ಜ್ವರ, ವಾಂತಿಭೇದಿ ಬಂದಾಗ ಮೈಗೆ ಕಾರ್ಟಿಸಾಲ್ ಜಾಸ್ತಿ ಬೇಕು. ಆಗ ಅದು ಸಿಗದಿದ್ದರೆ ಜೀವಕ್ಕೇ ಅಪಾಯ. ಇದನ್ನು ಕೇಳಿದಾಗ ನನಗೆ ಕೂತ ಜಾಗದಲ್ಲೇ ಬೆವರಿತು. ರಕ್ತ ಪರೀಕ್ಷೆ ಮಾಡಿಸಿದರು. ಅಷ್ಟು ಪುಟ್ಟ ಕೈಯಲ್ಲಿ ನರ ಹುಡುಕೋದನ್ನು ಯಾವ ತಾಯಿಯೂ ನೋಡಬಾರದು. ಕಾರ್ಟಿಸಾಲ್ ಇರಬೇಕಾದ್ದಕ್ಕಿಂತ ಕಡಿಮೆ ಬಂತು. ಆರು ವಾರ ಬಿಟ್ಟು ಮತ್ತೆ ಮಾಡಿಸಿದಾಗ ಸರಿಹೋಗಿತ್ತು. ಆ ಆರು ವಾರ ಮಗು ಒಂದು ಸಲ ಹಾಲು ಕಕ್ಕಿದರೂ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಅಸಲಿ ಕಾಯಿಲೆ ಏನು ಅಂತ ಕೇಳಿದರೆ, ಒಂದಲ್ಲ ಎರಡು. ಕೆನ್ನೆಯ ಮೇಲಿದ್ದದ್ದು ಎಕ್ಸಿಮಾ, ನಾವು ಇಸುಬು ಅಂತೀವಲ್ಲ, ಅದು. ಕೂಸುಗಳಲ್ಲಿ ಇದು ಹೆಚ್ಚಾಗಿ ಕೆನ್ನೆಯಿಂದಲೇ ಶುರುವಾಗುತ್ತದೆ. ಡೈಪರ್ ಜಾಗ ತೇವ ಇರೋದರಿಂದ ಅಲ್ಲಿ ಸಾಮಾನ್ಯವಾಗಿ ಇಸುಬು ಬರಲ್ಲ. ಅಲ್ಲಿ ಮೊದಲು ಬಂದಿದ್ದದ್ದು ಒದ್ದೆಯಿಂದ ಆದ ಮಾಮೂಲಿ ದದ್ದು ಇರಬೇಕು. ಅಂಥ ದದ್ದು ಡೈಪರ್ ತಾಗುವ ಉಬ್ಬು ಭಾಗದಲ್ಲಿರುತ್ತದೆ, ಮಡಿಕೆಯ ಒಳಗೆ ಅಷ್ಟಾಗಿ ಇರಲ್ಲ. ಆಮೇಲೆ ಮಡಿಕೆಯೊಳಗೆ ಕಡು ಕೆಂಪಾಗಿ, ಸುತ್ತ ಚುಕ್ಕಿ ಚುಕ್ಕಿಯಾಗಿ ಹರಡಿದ್ದು ಕ್ಯಾಂಡಿಡಾ ಅನ್ನುವ ಫಂಗಸ್. ಟ್ಯೂಬಿನಲ್ಲಿ ಫಂಗಸ್ ಮದ್ದೂ ಇತ್ತಲ್ಲ ಅಂತ ನಾನು ಕೇಳಿದೆ. ಇತ್ತು, ಆದರೆ ಅದರ ಪಕ್ಕದಲ್ಲೇ ಇದ್ದ ಸ್ಟೀರಾಯ್ಡ್ ಆ ಜಾಗದ ರೋಗನಿರೋಧಕ ಶಕ್ತಿಯನ್ನೇ ಅಡಗಿಸುತ್ತಿತ್ತು. ಮೇಲೆ ಕೆಂಪು ಕಾಣುತ್ತಿರಲಿಲ್ಲ, ಒಳಗೆ ಫಂಗಸ್ ಬೆಳೆಯುತ್ತಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಸ್ಟೀರಾಯ್ಡ್ ಅಂದರೆ ವಿಷ ಅಂತ ನಾನು ಹೇಳುತ್ತಿಲ್ಲ. ಅವನ ಮೈಯನ್ನು ಆ ಪ್ರಬಲ ಮುಲಾಮಿನಿಂದ ಬಿಡಿಸೋಕೆ ಡಾಕ್ಟರ್ ಕೊಟ್ಟದ್ದೂ ಸೌಮ್ಯ ಸ್ಟೀರಾಯ್ಡೇ. ಎಷ್ಟು, ಎಲ್ಲಿ, ಎಷ್ಟು ದಿನ ಅಂತ ಬರೆದುಕೊಟ್ಟರು. ನಿಮ್ಮ ಮಗುವಿಗೆ ಡಾಕ್ಟರ್ ಹಾಗೆ ಕೊಟ್ಟಿದ್ದರೆ ಹೆದರಿ ಬಿಸಾಡಬೇಡಿ, ಹೇಳಿದ ಹಾಗೆ ಹಚ್ಚಿ. ನನ್ನ ಜಗಳ ಇರುವುದು ಗೊತ್ತಿಲ್ಲದೆ ಹಚ್ಚುವುದರ ಜೊತೆ.

ಲೇಬಲ್ ಓದುವಾಗ ಬೆಟಮೆಥಸೋನ್, ಮೊಮೆಟಸೋನ್, ಡೆಕ್ಸಾಮೆಥಸೋನ್, ಫ್ಲೂಸಿನೊಲೋನ್, ಕ್ಲೋಬೆಟಸಾಲ್ ಇಂಥ ಹೆಸರು ಕಂಡರೆ ಅದು ಸ್ಟೀರಾಯ್ಡ್, ಡಾಕ್ಟರ್ ಹೇಳದೆ ಹಚ್ಚೋಕೆ ಶುರು ಮಾಡಬೇಡಿ. ಕ್ಲೋಟ್ರಿಮಜೋಲ್ ಬೇರೆ, ಕ್ಲೋಬೆಟಸಾಲ್ ಬೇರೆ. ಒಂದು ಫಂಗಸ್ ಮದ್ದು, ಇನ್ನೊಂದು ಸ್ಟೀರಾಯ್ಡ್. ಸಣ್ಣ ಅಕ್ಷರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಇನ್ನು ಲೇಬಲ್ಲೇ ಇಲ್ಲದ ಡಬ್ಬಿಯಲ್ಲಿ 'ಬರೀ ಗಿಡಮೂಲಿಕೆ' ಅಂತ ಯಾರಾದರೂ ಕೊಟ್ಟರೆ ಇನ್ನೂ ಹುಷಾರು. ಲಂಡನ್ನಿನ ವೈದ್ಯರು ಚರ್ಮಕ್ಕೆ ಹಚ್ಚುವ ಇಂಥ 11 ಗಿಡಮೂಲಿಕೆ ಕ್ರೀಮುಗಳನ್ನು ಪರೀಕ್ಷೆ ಮಾಡಿಸಿ 1999ರಲ್ಲಿ ವರದಿ ಪ್ರಕಟಿಸಿದರು. 8ರಲ್ಲಿ ಡೆಕ್ಸಾಮೆಥಸೋನ್ ಇತ್ತು. ಹಚ್ಚುತ್ತಿದ್ದವರಿಗೆ ಅದು ಗೊತ್ತಾಗುವುದಾದರೂ ಹೇಗೆ?

ಹಾಗಾದರೆ ಒಣ ಚರ್ಮಕ್ಕೆ ನಾವು ಕೊನೆಗೆ ಮಾಡಿದ್ದೇನು? ಕೇಳಿದರೆ ಇಷ್ಟೇನಾ ಅನ್ನಿಸುತ್ತೆ. ಸ್ನಾನ ಐದರಿಂದ ಹತ್ತು ನಿಮಿಷ, ಉಗುರುಬೆಚ್ಚಗಿನ ನೀರು. ಮೈಗೆಲ್ಲ ಸೋಪು ಉಜ್ಜೋದು ಬಿಟ್ಟೆವು. ಮೆತ್ತನೆ ಟವೆಲ್‌ನಿಂದ ಒತ್ತಿ ಒತ್ತಿ ನೀರು ತೆಗೆದು, ಚರ್ಮ ಇನ್ನೂ ಸ್ವಲ್ಪ ತೇವ ಇರುವಾಗಲೇ ದಪ್ಪಗೆ ಪೆಟ್ರೋಲಿಯಂ ಜೆಲ್ಲಿ. ಒಣಗಿದ ಮೇಲೆ ಹಚ್ಚಿದರೆ ಅಷ್ಟು ಪ್ರಯೋಜನ ಇಲ್ಲ. ತೇವ ಹೋಗದ ಹಾಗೆ ಮುಚ್ಚಿಡೋದೇ ಅದರ ಕೆಲಸ. ಲೋಷನ್ ಅಂತ ಸಿಗೋದರಲ್ಲಿ ನೀರೇ ಜಾಸ್ತಿ, ಬೇಗ ಆರಿಹೋಗುತ್ತದೆ. ಒಡೆದ ಚರ್ಮಕ್ಕೆ ಉರಿಯಲೂಬಹುದು. ಸುವಾಸನೆ ಇರುವ ಯಾವುದನ್ನೂ ಹಚ್ಚಲಿಲ್ಲ. 'ವಾಸನೆ ಇಲ್ಲ' ಅಂತ ಬರೆದದ್ದರಲ್ಲೂ ವಾಸನೆ ಮರೆಮಾಚಲು ಸುಗಂಧ ಹಾಕಿರಬಹುದು. 'ಸುಗಂಧ ಸೇರಿಸಿಲ್ಲ' ಅಂತ ಇರಬೇಕು. ದಿನಕ್ಕೆ ಮೂರು ಸಲ ಹಚ್ಚುತ್ತಿದ್ದೆ. ಡಬ್ಬಿಯೊಳಗೆ ಬೆರಳು ಅದ್ದದೆ ತೊಳೆದ ಚಮಚದಲ್ಲಿ ತೆಗೆಯುತ್ತಿದ್ದೆ.

ಡೈಪರ್ ಜಾಗಕ್ಕೆ ಡಾಕ್ಟರ್ ಬರೀ ಫಂಗಸ್ ಮದ್ದು ಕೊಟ್ಟರು. ಅದು ವಾಸಿಯಾದ ಮೇಲೆ ಜಿಂಕ್ ಆಕ್ಸೈಡ್ ಇರುವ ಮುಲಾಮು ದಪ್ಪಗೆ. ಪ್ರತಿ ಸಲ ಅದನ್ನು ಪೂರ್ತಿ ಉಜ್ಜಿ ತೆಗೆಯಬಾರದು, ಮೇಲೆ ಅಂಟಿದ ಕೊಳೆಯನ್ನು ಮಾತ್ರ ಒದ್ದೆ ಹತ್ತಿಯಿಂದ ತೆಗೆದು ಮತ್ತೆ ಮೇಲೆ ಸವರಬೇಕು. ದಿನಕ್ಕೆ ಸ್ವಲ್ಪ ಹೊತ್ತು ಡೈಪರ್ ಇಲ್ಲದೆ ಹಾಗೇ ಬಿಟ್ಟರೆ ತುಂಬಾ ಒಳ್ಳೇದು. ಪೌಡರ್ ಪೂರ್ತಿ ಬಿಟ್ಟೆವು. ಆ ಧೂಳು ಮಗುವಿನ ಶ್ವಾಸಕ್ಕೆ ಹೋಗುತ್ತದೆ.

ಕೆಲವು ಸಂದರ್ಭದಲ್ಲಿ ಇದ್ಯಾವುದನ್ನೂ ಮಾಡುತ್ತಾ ಕೂರಬೇಡಿ. ದದ್ದಿನಿಂದ ಕೀವು ಬಂದರೆ, ಹಳದಿ ಹೆಪ್ಪು ಕಟ್ಟಿದರೆ, ಇಸುಬಿನ ಮೇಲೆ ನೀರುಗುಳ್ಳೆ ಗುಂಪಾಗಿ ಎದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಇದ್ದರೂ ಅಷ್ಟೇ, ದದ್ದು ಇರಲಿ ಬಿಡಲಿ. ಗಾಜಿನ ಲೋಟದಿಂದ ಒತ್ತಿದರೂ ಮಾಸದ ಕೆಂಪು, ನೇರಳೆ ಚುಕ್ಕಿ ಕಂಡರೆ ರಾತ್ರಿ ಎಷ್ಟೇ ಹೊತ್ತಾಗಿರಲಿ, ಆಸ್ಪತ್ರೆಗೆ ಹೊರಡಿ.

ನನ್ನ ಮಗನ ಕೆನ್ನೆ ಸರಿಹೋಗೋಕೆ ಎರಡೂವರೆ ತಿಂಗಳು ಬೇಕಾಯಿತು. ಮೊದಲ ಎರಡು ವಾರವಂತೂ ಮೊದಲಿಗಿಂತ ಕೆಟ್ಟದಾಗಿ ಕೆಂಪಾಯಿತು. ಹಾಗಾಗುತ್ತೆ ಅಂತ ಡಾಕ್ಟರ್ ಮೊದಲೇ ಹೇಳಿರದಿದ್ದರೆ ನಾನು ಖಂಡಿತ ಮತ್ತೆ ಆ ಟ್ಯೂಬಿಗೆ ಕೈ ಹಾಕುತ್ತಿದ್ದೆ. ಈಗ ಒಂಬತ್ತು ತಿಂಗಳು. ಇಸುಬು ಪೂರ್ತಿ ಹೋಗಿಲ್ಲ, ಆಗಾಗ ಮೊಣಕಾಲ ಹಿಂದೆ ಕಾಣಿಸಿಕೊಳ್ಳುತ್ತದೆ. ಆದರೆ ರಾತ್ರಿ ಮಲಗುತ್ತಾನೆ.

ಇದನ್ನು ಓದುತ್ತಿರುವ ನೀವು ಈಗಾಗಲೇ ಅಂಥ ಮುಲಾಮನ್ನು ಮಗುವಿಗೆ ವಾರಗಟ್ಟಲೆ ಹಚ್ಚುತ್ತಿದ್ದರೆ, ಹೆದರಿ ಇವತ್ತೇ ನೀವಾಗಿ ಸಟ್ಟನೆ ನಿಲ್ಲಿಸಬೇಡಿ. ಟ್ಯೂಬ್ ಕೈಯಲ್ಲಿ ಹಿಡಿದುಕೊಂಡು ನಾಳೆ ಬೆಳಿಗ್ಗೆಯೇ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಸಲ, ಎಲ್ಲೆಲ್ಲಿ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಷ್ಟರೊಳಗೆ ಮಗು ಮಂಕಾದರೆ, ಹಾಲು ಕುಡಿಯದಿದ್ದರೆ, ವಾಂತಿ ಶುರುವಾದರೆ ಬೆಳಗಾಗುವವರೆಗೂ ಕಾಯಬೇಡಿ.