ಗಡಿಯ ಈಚೆಯಿಂದ ಎರಡನೆಯ ಬಾರಿ ನೋಡಿದ ‘ಸರ್ಕಾರಿ ಶಾಲೆ’

ಕೇರಳದ ಗಡಿಜಿಲ್ಲೆ ಕಾಸರಗೋಡಿನವರಿಗೆ ಕನ್ನಡ ಸಿನೆಮಾ ನೋಡುವುದೆಂದರೆ ಬಹುಮಟ್ಟಿಗೆ ಮಂಗಳೂರಿಗೆ ಹೋಗುವುದೆಂದೇ ಅರ್ಥ. 2018ರ ಆಗಸ್ಟಿನಲ್ಲಿ ತೆರೆಕಂಡ, ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರವನ್ನು ನಾನೂ ಗಡಿಯ ತಲಪಾಡಿ ದಾಟಿಯೇ ನೋಡಿದ್ದೆ. ನಮ್ಮೂರ ಹೆಸರು ಪರದೆಯ ಮೇಲೆ ಮೂಡಿದ ಸಂಭ್ರಮದಲ್ಲಿ ಅಂದು ಗಮನಕ್ಕೆ ಬಾರದೆ ಹೋದ ಕೆಲವು ಸಂಗತಿಗಳು ಈಚೆಗೆ ಮನೆಯಲ್ಲಿ ಮತ್ತೊಮ್ಮೆ ನೋಡಿದಾಗ ಕಂಡವು.

ಇಲ್ಲಿನ ಕನ್ನಡ ಶಾಲೆಯೊಂದನ್ನು ಅಧಿಕಾರಿಯೊಬ್ಬ ಮುಚ್ಚಿಸಹೊರಡುವ ಕಥೆಯಿದು; ಚಿತ್ರದ ಜೀವವಿರುವುದು ತರಗತಿಯ ಕೋಣೆಯಲ್ಲಿ. ‘ದಡ್ಡ’ ಎಂಬ ಬಿರುದು ಹೊತ್ತ ಪ್ರವೀಣ, ಮಮ್ಮುಟ್ಟಿ ಎಂಬ ಹೆಸರಿನ ಅವನ ಗೆಳೆಯ, ಕನ್ನಡ ಮಕ್ಕಳಿಗೆ ಮಲಯಾಳದಲ್ಲಿ ಗಣಿತ ಹೇಳಿಕೊಡಲು ಬಂದ ಮೇಷ್ಟ್ರು, ಇವರ ನಡುವಿನ ದೃಶ್ಯಗಳಿಗೆ ಚಿತ್ರಮಂದಿರವೆಲ್ಲ ನಕ್ಕಿತ್ತು. 1956ರಲ್ಲಿ ಕೇರಳಕ್ಕೆ ಸೇರಿದ ಈ ನೆಲದಲ್ಲಿ ಅದು ಬರಿಯ ಹಾಸ್ಯವಲ್ಲ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದ್ದನ್ನು ವಿರೋಧಿಸಿ ಹೆತ್ತವರೂ ಮಕ್ಕಳೂ ಪ್ರತಿಭಟನೆಗೆ ಕುಳಿತದ್ದಿದೆ. ಆ ನೋವನ್ನು ಭಾಷಣವಾಗಿಸದೆ ಮಕ್ಕಳ ಪೆಚ್ಚು ಮುಖಗಳಲ್ಲೇ ತೋರಿಸಿದ್ದು ನಿರ್ದೇಶಕರ ಜಾಣ್ಮೆ. ಪ್ರಮೋದ್ ಶೆಟ್ಟಿಯವರ ಮುಖ್ಯೋಪಾಧ್ಯಾಯರೂ ಪ್ರಕಾಶ್ ತುಮಿನಾಡರ ಭುಜಂಗನೂ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಎದುರಾಗಬಹುದಾದ ಮನುಷ್ಯರು. ವಾಸುಕಿ ವೈಭವರ ಹಾಡುಗಳು ಕಥೆಗೆ ಅಡ್ಡ ಬರುವುದಿಲ್ಲ.

ಆದರೆ ಶೀರ್ಷಿಕೆಯಲ್ಲೇ ಒಂದು ಎಡವಟ್ಟಿದೆ. ‘ಹಿ. ಪ್ರಾ. ಶಾಲೆ’ ಎಂಬುದು ಕರ್ನಾಟಕದ ಬೋರ್ಡು. ನಮ್ಮಲ್ಲಿ ಅದು ಜಿ.ಯು.ಪಿ. (ಗವರ್ನ್‌ಮೆಂಟ್ ಅಪ್ಪರ್ ಪ್ರೈಮರಿ) ಶಾಲೆ, ಅನುದಾನಿತವಾದರೆ ಎ.ಯು.ಪಿ. (ಏಡೆಡ್ ಅಪ್ಪರ್ ಪ್ರೈಮರಿ) ಶಾಲೆ. ಇದನ್ನು ಸಣ್ಣ ಮಾತೆಂದು ಬಿಟ್ಟರೂ ಅದರ ಹಿಂದಿರುವ ದೊಡ್ಡ ಮಾತನ್ನು ಬಿಡಲಾಗದು: ಇಲ್ಲಿನ ಕನ್ನಡ ಶಾಲೆಯ ಮಗು ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಮಲಯಾಳವನ್ನೇ ಆಡಿ, ಕನ್ನಡವನ್ನು ಓದಿನ ಭಾಷೆಯಾಗಿ ಆರಿಸಿಕೊಂಡಿರುತ್ತದೆ. ಚಿತ್ರದ ಮಕ್ಕಳು ಹೆಚ್ಚಾಗಿ ಮಂಗಳೂರು ಕಡೆಯ ಒಂದೇ ಬಗೆಯ ಕನ್ನಡವನ್ನಾಡುವುದರಿಂದ ಈ ಜಟಿಲತೆ ಮರೆಯಾಗಿ, ಎಲ್ಲವೂ ಕನ್ನಡ ಮತ್ತು ಮಲಯಾಳಗಳ ನೇರ ಜಗಳವಾಗಿ ಕಾಣುತ್ತದೆ. ಶಾಲೆಯನ್ನು ಮುಚ್ಚಿಸಹೊರಟ ಅಧಿಕಾರಿಯಂತೂ ವ್ಯಂಗ್ಯಚಿತ್ರದಿಂದ ಎದ್ದು ಬಂದಂತಿದ್ದಾನೆ. ಒಂದೇ ಅಂಗಡಿಯಲ್ಲಿ ಮೂರು ಭಾಷೆಗಳಲ್ಲಿ ಚೌಕಾಸಿ ಮಾಡುವ ನಮಗೆ ಅಂಥವನು ಪರಿಚಿತನಲ್ಲ.

ದ್ವಿತೀಯಾರ್ಧದಲ್ಲಿ, ಶಾಲೆಯನ್ನು ಉಳಿಸಲು ನೆರವು ಹುಡುಕಿ ಮಕ್ಕಳು ಮೈಸೂರಿಗೆ ಹೋದ ಮೇಲೆ, ಚುಕ್ಕಾಣಿ ಅನಂತ್‌ನಾಗ್ ಅವರ ಕೈಗೆ ಹೋಗುತ್ತದೆ. ಅವರ ಹಾಸ್ಯದ ಸಮಯಪ್ರಜ್ಞೆಯ ಬಗ್ಗೆ ಎರಡು ಮಾತಿಲ್ಲ. ನ್ಯಾಯಾಲಯದಲ್ಲಿ ಅವರು ಮಂಡಿಸುವ ವಾದಕ್ಕೆ ಅಂದು ನಾನೂ ಚಪ್ಪಾಳೆ ತಟ್ಟಿದ್ದೆ. ಈಗ ನೋಡಿದರೆ, ಅಷ್ಟು ಹೊತ್ತು ತಾವೇ ಓಡಾಡಿ ಕಥೆಯನ್ನು ನಡೆಸಿದ ಮಕ್ಕಳು ಆ ದೀರ್ಘ ಭಾಷಣದ ಶ್ರೋತೃಗಳಾಗಿಬಿಡುತ್ತಾರೆ. 1993ರ ‘ಚಿನ್ನಾರಿ ಮುತ್ತ’ದಲ್ಲಿ ಟಿ.ಎಸ್. ನಾಗಾಭರಣ ಅವರು ಹಿರಿಯರನ್ನು ಪಕ್ಕದಲ್ಲಿ ನಿಲ್ಲಿಸಿ ಕೊನೆಯವರೆಗೂ ಹುಡುಗನನ್ನೇ ಓಡಿಸಿದ್ದರು. ಆ ಧೈರ್ಯ ಇಲ್ಲಿಲ್ಲ. ಶ್ರೇಷ್ಠ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆದ ಕೃತಿಯ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ.

ಮಂಜೇಶ್ವರದ ಕಡೆಯವರೇ ಆದ ಜೆ.ಪಿ. ತುಮಿನಾಡು 2025ರಲ್ಲಿ ‘ಸು ಫ್ರಮ್ ಸೋ’ ಚಿತ್ರ ಮಾಡಿದಾಗ ಗಡಿಯ ಹೆಸರನ್ನೂ ಎತ್ತಲಿಲ್ಲ, ಭಾಷಾಭಿಮಾನದ ಒಂದು ಮಾತನ್ನೂ ಆಡಿಸಲಿಲ್ಲ; ಆದರೂ ಕರಾವಳಿಯ ಊರೊಂದು ತನ್ನ ಗುಂಪು ಮಾತಿನ ಗದ್ದಲದೊಡನೆ ಇಡಿಯಾಗಿ ಅದರಲ್ಲಿದೆ. ಅದನ್ನು ನೋಡಿದ ಮೇಲೆ ‘ಸರ್ಕಾರಿ ಶಾಲೆ’ಯ ಘೋಷಣೆಗಳು ಕಿವಿಗೆ ಇನ್ನಷ್ಟು ಜೋರಾಗಿ ಕೇಳುತ್ತವೆ.

ಹಾಗಿದ್ದೂ ನಮ್ಮ ಮಕ್ಕಳಿಗೆ ಈ ಚಿತ್ರವನ್ನು ತೋರಿಸಬೇಕೆಂದೇ ಹೇಳುತ್ತೇನೆ, ಮುಖ್ಯವಾಗಿ ಆ ಗಣಿತದ ತರಗತಿಗಾಗಿ. ನಾನು ಮೂರನೆಯ ಬಾರಿ ನೋಡುವುದಾದರೆ, ಮಕ್ಕಳು ಮೈಸೂರಿಗೆ ಹೊರಡುವವರೆಗೆ ನೋಡಿ ಅಲ್ಲಿಗೇ ನಿಲ್ಲಿಸಿಯೇನು.