ಯುದ್ಧಕಾಲದ ಹತ್ತು ನಾಣ್ಯಕ್ಕೆ ಮೂರು ಸ್ಟಾರ್

ಆನ್‌ಲೈನಲ್ಲಿ ತರಿಸಿದ, ಬ್ರಿಟಿಷ್ ರಾಜ ಆರನೇ ಜಾರ್ಜ್‌ನ ಮುಖವಿರುವ ಒಂದು ರೂಪಾಯಿ ನಾಣ್ಯಗಳು ಮೊನ್ನೆ ಬಂದವು. ಹತ್ತು ನಾಣ್ಯ, ಎಲ್ಲಾ 1944, 1945ರವು. ಮಾರಿದವರು ‘ಅಪ್ಪಟ ಬೆಳ್ಳಿ’ ಅಂತ ಬರೆದಿದ್ದರು. ಅದು ಶುದ್ಧ ಸುಳ್ಳು. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಳ್ಳಿಗೆ ತತ್ವಾರವಾಗಿ, 1940ರಲ್ಲಿ ಬ್ರಿಟಿಷ್ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಶೇ. 91.7ರಿಂದ 50ಕ್ಕೆ ಇಳಿಸಿತು. ಉಳಿದದ್ದು ತಾಮ್ರ, ನಿಕಲ್, ಸತು. ತೂಕ ಮಾತ್ರ ಅದೇ 11.66 ಗ್ರಾಂ. ಅಂದರೆ ಒಂದರಲ್ಲಿ ಬೆಳ್ಳಿ 5.83 ಗ್ರಾಂ ಅಷ್ಟೇ; ಕೊಳ್ಳೋ ಮೊದಲು ಅವತ್ತಿನ ದರಕ್ಕೆ ಇದನ್ನು ಗುಣಿಸಿ ನೋಡಿ.

ಮನೆಯ ತಕ್ಕಡಿಯಲ್ಲಿ ಒಂಬತ್ತು 11.6ರ ಆಸುಪಾಸು ತೂಗಿದವು. ಹತ್ತನೆಯದು 10.9, ಅಂಚಿನ ಮಧ್ಯೆ ಸುತ್ತಲೂ ಓಡಬೇಕಾದ ತೋಡೂ ಇಲ್ಲ. ನಕಲಿ! ಇನ್ನೆರಡನ್ನು ಯಾರೋ ಹುಣಸೆಹಣ್ಣು ಹಾಕಿ ದೇವರ ಪಾತ್ರೆ ಥರ ಫಳಫಳ ತಿಕ್ಕಿದ್ದಾರೆ. ಸಂಗ್ರಾಹಕರು ಇಂಥದ್ದನ್ನು ಮೂಸಿಯೂ ನೋಡಲ್ಲ, ಕರಗಿಸೋರಿಗೆ ಅಡ್ಡಿಯಿಲ್ಲ.

ಆದರೆ ಒಂದು 1945ರದ್ದು ಇದೆ ನೋಡಿ, ರಾಜನ ಕಿರೀಟದ ಶಿಲುಬೆ ಕೂಡ ಸವೆದಿಲ್ಲ, ಅಂಚಿನಲ್ಲಿ ತೆಳು ನೀಲಿ ಮಸುಕು. ಅದು ನನ್ನ ಹತ್ತಿರವೇ ಇರುತ್ತೆ. ನಕಲಿಯನ್ನು ವಾಪಸ್ ಕಳಿಸಿದ್ದೇನೆ, ದುಡ್ಡು ಇನ್ನೂ ಬಂದಿಲ್ಲ.