ಶೀತಲ ಗಾಡಿಗೆ ಯಾವ ಕಂಪ್ರೆಸರ್: ಹೊಸದೋ, ನಕಲೋ, ರಿಪೇರಿಯದೋ?

ಕೊಪ್ಪಳದಿಂದ ಕುಷ್ಟಗಿ, ಸಿಂಧನೂರು, ರಾಯಚೂರಿನ ಕಡೆಗೆ ನಮ್ಮ ಎರಡು ಶೀತಲ ಗಾಡಿಗಳು ಓಡುತ್ತವೆ. ಒಂದರಲ್ಲಿ ಐಸ್‌ಕ್ರೀಮ್, ಪೆಟ್ಟಿಗೆಯೊಳಗೆ ಮೈನಸ್ 18 ಡಿಗ್ರಿ ಇರಲೇಬೇಕು. ಇನ್ನೊಂದರಲ್ಲಿ ಹಾಲು, ಮೊಸರು, ಪನೀರ್. ಅದಕ್ಕೆ 4 ಡಿಗ್ರಿ ಸಾಕು. ಎರಡರಲ್ಲೂ ಕಂಪ್ರೆಸರ್, ಅಂದರೆ ತಂಪು ಮಾಡುವ ಗ್ಯಾಸನ್ನು ಒತ್ತುವ ಯಂತ್ರ, ತಿರುಗುವುದು ಎಂಜಿನ್ನಿನ ಬೆಲ್ಟಿನಿಂದಲೇ. ಅದು ಕೈಕೊಟ್ಟಾಗ ನಮ್ಮ ಭಾಗದವರಿಗೆ ನಾಲ್ಕು ದಾರಿಗಳಿವೆ: ಡೀಲರ ಬಳಿ ಮೂಲ ಕಂಪನಿಯ ಹೊಸದು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವ ಅದೇ ಆಕಾರದ ನಕಲು, ಗುಜರಿಯ ಹಳೆಯದು, ಇಲ್ಲವೇ ಇದ್ದುದನ್ನೇ ಬಿಚ್ಚಿ ರಿಪೇರಿ ಮಾಡಿಸುವುದು. ನಾಲ್ಕನ್ನೂ ಹಾಕಿಸಿ ಓಡಿಸಿದ್ದೇನೆ. ಗಾಡಿಯೊಳಗೆ ಯಾವ ಸರಕು ಇರುತ್ತದೆ ಎಂಬುದನ್ನು ಬಿಟ್ಟು ಬರೀ ಬೆಲೆ ನೋಡಿ ಕಂಪ್ರೆಸರ್ ಆರಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾರಣ ಒತ್ತಡದ ಲೆಕ್ಕದಲ್ಲಿದೆ. ಇಲ್ಲಿಯ ಬಿಸಿಲು 42 ಡಿಗ್ರಿ ಮುಟ್ಟಿದ ದಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರಿನಲ್ಲಿ ಗ್ಯಾಸ್ ದ್ರವವಾಗುವುದು ಸುಮಾರು 55 ಡಿಗ್ರಿಯಲ್ಲಿ. ಹಾಲಿನ ಗಾಡಿಯ ಆರ್-134ಎ ಗ್ಯಾಸನ್ನು ಆಗ ಸುಮಾರು ಆರು ಪಟ್ಟು ಒತ್ತಿದರೆ ಕೆಲಸ ನಡೆಯುತ್ತದೆ. ಐಸ್‌ಕ್ರೀಮ್ ಗಾಡಿಯ ಆರ್-404ಎ ಗ್ಯಾಸ್ ಒಳಗಿನ ಕಾಯಿಲಿನಲ್ಲಿ ಮೈನಸ್ 28ರ ಆಸುಪಾಸಿನಲ್ಲಿ ಆವಿಯಾಗಿ ಬರುತ್ತದೆ. ಅದನ್ನು ಹನ್ನೊಂದು ಪಟ್ಟಿನಷ್ಟು ಒತ್ತಬೇಕು. ಒತ್ತಡ 25 ಬಾರ್ ಹತ್ತಿರ ಬರುತ್ತದೆ. ಹೊರಗಿನಿಂದ ಎರಡು ಕಂಪ್ರೆಸರ್‌ಗಳೂ ಒಂದೇ ತರಹ ಕಂಡರೂ ಅವು ಪಡುವ ಪಾಡು ಬೇರೆ ಬೇರೆ.

ನಕಲನ್ನು ಮೊದಲು ಐಸ್‌ಕ್ರೀಮ್ ಗಾಡಿಗೇ ಹಾಕಿಸಿದೆವು. 155 ಸಿಸಿಯ, ಏಳು ಸಿಲಿಂಡರಿನ ಎಸ್‌ಡಿ7ಎಚ್15 ಮಾದರಿಯದು. ಬೆಲೆ ಮೂಲ ಕಂಪನಿಯದಕ್ಕಿಂತ ಅರ್ಧಕ್ಕೂ ಕಡಿಮೆ, ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಬೆಳಿಗ್ಗೆ ಕೈಗೆ ಬಂತು. ‘ಅಣ್ಣಾ, ಒಳಗಿನ ಮಾಲು ಒಂದೇ, ಹೆಸರು ಮಾತ್ರ ಬೇರೆ’ ಎಂದಿದ್ದ ಅಂಗಡಿಯವನು. ಚಳಿಗಾಲದಲ್ಲಿ ಅವನ ಮಾತು ನಿಜವೆನ್ನಿಸಿತು. ಬೇಸಿಗೆ ಏರಿದಂತೆ ಪೆಟ್ಟಿಗೆ ಮೈನಸ್ 12ರಿಂದ ಕೆಳಗಿಳಿಯದಾಯಿತು. ಬೆಲ್ಟಿನ ಪುಲಿಯನ್ನು ಕಂಪ್ರೆಸರಿಗೆ ಜೋಡಿಸುವ ಕ್ಲಚ್ ಜಾರುವ ಸುಟ್ಟ ವಾಸನೆ ಬರತೊಡಗಿತು. ಕ್ಲಚ್ಚಿನ ತಟ್ಟೆಗೂ ಪುಲಿಗೂ ನಡುವೆ 0.4ರಿಂದ 0.8 ಮಿಲಿಮೀಟರ್ ಸಂದು ಇರಬೇಕು. ಗೇಜ್ ತೂರಿಸಿ ನೋಡಿದರೆ ಒಂದು ಕಡೆ ಸರಿಯಿತ್ತು, ಎದುರು ಕಡೆ ಒಂದು ಮಿಲಿಮೀಟರಿಗೂ ಹೆಚ್ಚಿತ್ತು. ಬಿಚ್ಚಿ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಸುರಿದಾಗ ಡಾಂಬರಿನಂತೆ ಕಪ್ಪಾಗಿತ್ತು, ಬೆರಳಿಗೆ ಲೋಹದ ಪುಡಿ ತಾಗುತ್ತಿತ್ತು. ಆ ಪುಡಿ ಪೈಪುಗಳ ತುಂಬ ಹೋಗಿರುತ್ತದೆ. ಎಲ್ಲವನ್ನೂ ತೊಳೆದು, ತೇವ ಹೀರುವ ಡ್ರೈಯರ್ ಬದಲಿಸಿ, ಗ್ಯಾಸಿನ ಹರಿವನ್ನು ಅಳೆದು ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್ ಹೊಸದು ಹಾಕಿಸುವಷ್ಟರಲ್ಲಿ ಉಳಿತಾಯವೆಲ್ಲ ಕರಗಿತು.

ಮುಂದೆ ಅದೇ ತರಹದ ನಕಲನ್ನು ಹಾಲಿನ ಗಾಡಿಗೆ ಹಾಕಿದಾಗ ಅದು ತಕರಾರಿಲ್ಲದೆ ದುಡಿಯಿತು. ಆದ್ದರಿಂದ ನಕಲೆಂದರೆ ಕಸವೆಂದು ನಾನು ಹೇಳುವುದಿಲ್ಲ. ಮೈನಸ್ ಗಾಡಿಗೆ ಮಾತ್ರ ಬೇಡವೇ ಬೇಡ.

ಮೂಲ ಕಂಪನಿಯದಕ್ಕೆ ಬೆಲೆಗಿಂತ ಕಾಯುವುದೇ ಕಷ್ಟ. ಹುಬ್ಬಳ್ಳಿಯಲ್ಲಿ ದಾಸ್ತಾನು ಇದ್ದರೆ ಪುಣ್ಯ, ಇಲ್ಲವಾದರೆ ಬೆಂಗಳೂರಿನಿಂದ ಬರಬೇಕು, ಅಲ್ಲಿಯೂ ಇಲ್ಲದಿದ್ದರೆ ದಿನ ಹೇಳುವವರೇ ಇಲ್ಲ. ಆದರೆ ಬಂದ ಮೇಲೆ ನೆಮ್ಮದಿ. ಉರಿಬಿಸಿಲಿನ ಮಧ್ಯಾಹ್ನ ಸಿಂಧನೂರಿನಲ್ಲಿ ಅಂಗಡಿಯಿಂದ ಅಂಗಡಿಗೆ ಬಾಗಿಲು ತೆಗೆದು ಹಾಕುತ್ತಿದ್ದರೂ ಮತ್ತೆ ಮೈನಸ್ 18ಕ್ಕೆ ಇಳಿಯುತ್ತದೆ. ವಾರಂಟಿ ಬೇಕಾದರೆ ಡ್ರೈಯರ್ ಬದಲಿಸಿದ ಬಿಲ್ ಕೇಳುತ್ತಾರೆ, ಎತ್ತಿಡಬೇಕು.

ಹೊಸದು ಕೊಳ್ಳುವಾಗ ಎಣ್ಣೆಯ ಬಗ್ಗೆ ಪಟ್ಟು ಹಿಡಿದು ಕೇಳಿ. ಆರ್-404ಎ ಗ್ಯಾಸಿಗೆ ಪಿಒಇ ಎಂಬ ಬಗೆಯ ಕಂಪ್ರೆಸರ್ ಎಣ್ಣೆ ಬೇಕು. ಕಾರಿನ ಎಸಿಗೆಂದು ಬಂದ ಅದೇ ಆಕಾರದ ಕಂಪ್ರೆಸರಿನಲ್ಲಿ ಪಿಎಜಿ ಎಂಬ ಬೇರೆ ಬಗೆಯ ಎಣ್ಣೆ ಇರುತ್ತದೆ, ಅದನ್ನೇ ಫ್ರೀಜರ್ ಗಾಡಿಗೂ ಮಾರುತ್ತಾರೆ. ಕ್ಲಚ್ 12 ವೋಲ್ಟಿನದೋ 24 ವೋಲ್ಟಿನದೋ, ಪುಲಿ ಜೋಡಿ ಬೆಲ್ಟಿನದೋ ಎಂಟು ಗೆರೆಯ ಚಪ್ಪಟೆ ಬೆಲ್ಟಿನದೋ ಎಂಬುದನ್ನು ಹಳೆಯದರ ಫೋಟೊ ಕಳಿಸಿಯೇ ಖಚಿತ ಮಾಡಿಕೊಳ್ಳಬೇಕು. 163 ಸಿಸಿಯ ಟಿಎಂ-16 ಎಂಬ ಇನ್ನೊಂದು ಮಾದರಿ ಕೂಡ ಒಳ್ಳೆಯದೇ, ಆದರೆ ಬೋಲ್ಟ್ ಹಾಕುವ ಅದರ ಕಿವಿಗಳು ಬೇರೆ. ಬ್ರಾಕೆಟ್ ಹೊಸದಾಗಿ ಮಾಡಿಸಬೇಕು, ಬೆಲ್ಟಿನ ನೇರ ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗ್ ಹೋಗುತ್ತದೆ.

ಗುಜರಿಯದರ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಬಾಯಿ ಮುಚ್ಚದೆ ಮಳೆಗಾಳಿಗೆ ಬಿದ್ದಿದ್ದ ಕಂಪ್ರೆಸರಿನೊಳಗೆ ತೇವ ಸೇರಿರುತ್ತದೆ. ತುರ್ತಿಗೂ ನಾನು ಇನ್ನು ಅದನ್ನು ತರುವುದಿಲ್ಲ.

ರಿಪೇರಿಯನ್ನು ಮಾತ್ರ ನಮ್ಮವರು ಹಗುರವಾಗಿ ಕಾಣುತ್ತಾರೆಂಬ ಬೇಸರ ನನಗಿದೆ. ಗಂಗಾವತಿಯಲ್ಲಿ ನಾವು ನಂಬಿದ ಮೆಕ್ಯಾನಿಕ್ ಮೊದಲು ಸಿಲಿಂಡರಿನ ಒಳಗೋಡೆಗೆ ಟಾರ್ಚ್ ಹಿಡಿಯುತ್ತಾರೆ. ಉಗುರಿಗೆ ಸಿಗುವಂಥ ಗೀರು ಕಂಡರೆ ಮುಚ್ಚಿ ವಾಪಸ್ ಕೊಡುತ್ತಾರೆ, ಕಾಸು ಮುಟ್ಟುವುದಿಲ್ಲ. ಗೀರಿಲ್ಲದಿದ್ದರೆ ಶಾಫ್ಟ್ ಸೀಲ್, ಬೇರಿಂಗ್, ಗ್ಯಾಸ್ಕೆಟ್, ಬೇಕಾದರೆ ಕ್ಲಚ್ ಕಾಯಿಲ್ ಬದಲಿಸಿ, ನೈಟ್ರೋಜನ್ ತುಂಬಿಸಿ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಾರೆ. ಹಾಲಿನ ಗಾಡಿಯಲ್ಲಿ ಈಗ ಓಡುತ್ತಿರುವುದು ಅವರು ಕಟ್ಟಿಕೊಟ್ಟದ್ದೇ. ನಕಲಿಗಿಂತ ಖರ್ಚು ಕಡಿಮೆ, ಸದ್ದೂ ಕಡಿಮೆ. ಗಾಡಿ ನಿಂತಿರುವ ವಾರಗಳಲ್ಲಿಯೂ ಕೆಲವು ನಿಮಿಷ ಕಂಪ್ರೆಸರ್ ಓಡಿಸಿದರೆ ಸೀಲಿಗೆ ಎಣ್ಣೆ ತಾಗಿ ಸೋರಿಕೆ ತಪ್ಪುತ್ತದೆ.

ಐಸ್‌ಕ್ರೀಮ್ ಗಾಡಿಗೆ ಮೂಲ ಕಂಪನಿಯದನ್ನೇ, ಅದೂ ಫೆಬ್ರವರಿಯೊಳಗೆ ಹೇಳಿ ತರಿಸಿಡುತ್ತೇವೆ. ಬಿಚ್ಚಿದ ಹಳೆಯದರ ಎರಡೂ ಬಾಯಿಗಳಿಗೆ ಮುಚ್ಚಳ ಹಾಕಿ ಗಂಗಾವತಿಗೆ ಕಳಿಸುತ್ತೇವೆ. ಗೋಡೆಯಲ್ಲಿ ಗೀರಿಲ್ಲದಿದ್ದರೆ ಹಾಲಿನ ಗಾಡಿಗೆ ಆಪತ್ತಿಗೆ ಅದೇ ಆಗುತ್ತದೆ, ಎಣ್ಣೆಯನ್ನು ಮಾತ್ರ ಬದಲಿಸಬೇಕು.